ಮಗುವಿನ ಜೊತೆ ನಿನ್ನನ್ನೂ ನೋಡಿಕೋ

ಇಲವಾಲ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ನನಗೆ ಮನಸ್ಸೇ ನಿಂತಿಲ್ಲ. "ನೆಗಡಿ ಅಕ್ಕ, ಗಂಟಲು ಕಟ್ಟಿದೆ" ಅಂದೆ. ನಿನ್ನ ನೆಗಡಿ ಯಾವುದು, ಅಳು ಯಾವುದು ಅಂತ ಎತ್ತಿ ಆಡಿಸಿದವಳಿಗೆ ಗೊತ್ತಾಗುವುದಿಲ್ಲವೇ? ಕೊನೆಗೆ ನೀನೇ ಬಾಯಿಬಿಟ್ಟೆ. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರಂತೆ, 158 ಬಂತಂತೆ, ಬಸುರಿನಲ್ಲಿ ಬರುವ ಶುಗರ್ ಅಂದರಂತೆ. ಆಮೇಲೆ ನೀನು ಕೇಳಿದ್ದು ಒಂದೇ ಮಾತು: "ನಾನೇನು ತಪ್ಪು ತಿಂದೆ ಅಕ್ಕ?"

ಏನೂ ತಪ್ಪು ತಿಂದಿಲ್ಲ ಕಣೇ. ಅದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕು. ಇಲ್ಲಿ ಚಿಕ್ಕಮ್ಮ ಬೇರೆ, ದಸರಾಕ್ಕೆ ನಿನಗೆ ಕಳಿಸಿದ ಮೈಸೂರುಪಾಕಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸಿ ಬೆಳಗ್ಗೆಯಿಂದ ಕೊರಗುತ್ತಿದ್ದಾರೆ. ಅರ್ಧ ಕೆ.ಜಿ. ಪೊಟ್ಟಣದಲ್ಲಿ ನಿನಗೆ ಸಿಕ್ಕಿದ್ದು ಎರಡೇ ತುಂಡು, ಉಳಿದದ್ದು ಅಳಿಯಂದಿರ ಹೊಟ್ಟೆಗೆ ಹೋಯಿತು ಅಂತ ನೀನೇ ದೂರು ಹೇಳಿದ್ದೆಯಲ್ಲ, ಅದನ್ನು ಅವರಿಗೆ ನೆನಪಿಸಿದೆ. ಸ್ವಲ್ಪ ಸಮಾಧಾನವಾದ ಹಾಗೆ ಕಂಡರು.

ಏನಾಗುತ್ತದೆ ಅಂತ ಹೇಳುತ್ತೇನೆ ಕೇಳು. ಬಸುರಿನಲ್ಲಿ ಮಾಸು ಮಗುವಿಗೆ ಊಟ ದಾಟಿಸುವುದರ ಜೊತೆಗೆ ತಾನೇ ಹಾರ್ಮೋನುಗಳನ್ನೂ ತಯಾರಿಸುತ್ತದೆ. ತಾಯಿಯ ರಕ್ತದಲ್ಲಿರುವ ಸಕ್ಕರೆಯೆಲ್ಲ ತಾಯಿಯ ಮೈಗೇ ಸೇರಿಹೋಗದೆ ಮಗುವಿಗೂ ಉಳಿಯಲಿ ಅಂತ ಆ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೆಲಸವನ್ನು ಕೊಂಚ ತಡೆಯುತ್ತವೆ. ಇದು ಎಲ್ಲ ಬಸುರಿಯರಲ್ಲೂ ಆಗುವುದೇ. ಬಹಳ ಮಂದಿಯ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿತೂಗಿಸಿಕೊಳ್ಳುತ್ತದೆ. ಕೆಲವರಲ್ಲಿ ಅದಕ್ಕೆ ಅಷ್ಟು ಶಕ್ತಿ ಸಾಲುವುದಿಲ್ಲ, ಸಕ್ಕರೆ ಏರುತ್ತದೆ. ನಮ್ಮ ಸರ್ಕಾರದ ಕ್ರಮದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿನ ಮಧುಮೇಹ ಅಂತ ಲೆಕ್ಕ. ಮೊದಲ ಸಲ ಆಸ್ಪತ್ರೆಗೆ ಹೋದಾಗಲೇ ಒಮ್ಮೆ, ಆಮೇಲೆ 24ರಿಂದ 28ನೇ ವಾರದ ಒಳಗೆ ಇನ್ನೊಮ್ಮೆ ಮಾಡುತ್ತಾರೆ. ಮೊದಲ ಸಲ ಸರಿಯಿದ್ದದ್ದು ಈಗ ಏರಿದೆಯಲ್ಲ ಅಂತ ನೀನು ಗಾಬರಿಪಟ್ಟೆ. ಮಾಸು ಬಲಿಯುತ್ತ ಬಂದ ಹಾಗೆ ಆ ಹಾರ್ಮೋನುಗಳೂ ಹೆಚ್ಚುತ್ತವೆ, ಅದಕ್ಕೇ ಎರಡನೇ ಸಲ ನೋಡುವುದು. ಸರಿಯಾದ ಹೊತ್ತಿಗೆ ಸಿಕ್ಕಿದೆ ಅಂತ ತಿಳಿದುಕೋ.

ಇನ್ನೊಂದು ವಿಷಯ ಗೊತ್ತಾದರೆ ಔಷಧಿಯ ಭಯವೂ ಕಡಿಮೆಯಾದೀತು. ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಸಕ್ಕರೆ ಹೆಚ್ಚು ಹೋದರೆ ಮಗು ತನ್ನದೇ ಇನ್ಸುಲಿನ್ ಹೆಚ್ಚು ಮಾಡಿಕೊಂಡು ಕೊಬ್ಬು ಕೂಡಿಸಿಕೊಳ್ಳುತ್ತದೆ. ಎರಡು ವಾರ ಊಟದ ಕ್ರಮ ನೋಡಿ, ಆಗಲೂ ಊಟವಾದ ಎರಡು ಗಂಟೆಗೆ 120ರ ಕೆಳಗೆ ಇಳಿಯದಿದ್ದರೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಕೊಡುತ್ತಾರೆ. ಇನ್ಸುಲಿನ್ ಚುಚ್ಚಿಸಿಕೊಳ್ಳಿ ಅಂದರೆ ಹಟ ಮಾಡಬೇಡ. ಚಿಕ್ಕವಳಿದ್ದಾಗ ಸೂಜಿ ಕಂಡರೆ ಅಟ್ಟ ಹತ್ತಿ ಕೂರುತ್ತಿದ್ದವಳು ನೀನು. ಈಗ ಏಳು ತಿಂಗಳ ಹೊಟ್ಟೆ ಹೊತ್ತು ಅಟ್ಟ ಹತ್ತುವುದಕ್ಕಂತೂ ಆಗುವುದಿಲ್ಲ!

ಇಲ್ಲಿಯ ಸುದ್ದಿ ಹೇಳಲಿಲ್ಲ ನೋಡು. ಅವರೆಕಾಯಿ ಬಂದಿದೆ, ಮನೆಯಲ್ಲೆಲ್ಲ ಸೊನೆಯ ವಾಸನೆ. ಹುಣಸೂರು ರಸ್ತೆ ದಾಟುವುದೇ ಈಗ ಒಂದು ಸಾಹಸ. ಬೆಳಗ್ಗೆ ಹೂಟಗಳ್ಳಿ ಕಡೆ ಕೆಲಸಕ್ಕೆ ಹೋಗುವ ಗಾಡಿಗಳು, ಸಂಜೆ ಕೊಡಗಿನ ಕಡೆ ಹೊರಟ ಕಾರುಗಳು. ಚಿಕ್ಕಮ್ಮ ನಿನ್ನ ಬಾಣಂತನಕ್ಕೆ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಹಳೆಯ ಸೀರೆಗಳನ್ನು ಒಗೆದು ಮಡಿಸಿ, ತುಪ್ಪ ಕಾಯಿಸಲು ಬೆಣ್ಣೆಯನ್ನೂ ಹೇಳಿಟ್ಟಿದ್ದಾರೆ. ಎಷ್ಟು ಬೆಣ್ಣೆ ಅಂತ ಕೇಳಬೇಡ. ಆ ತುಪ್ಪದ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ನಮ್ಮ ಮೈಸೂರಿನದೇ ಒಂದು ಕಥೆ ಹೇಳಬೇಕು. ನಿನಗೆ ಬಂದಿರುವ ಈ ತೊಂದರೆಯ ಬಗ್ಗೆ ಇವತ್ತು ಡಾಕ್ಟರುಗಳಿಗೆ ಗೊತ್ತಿರುವುದರಲ್ಲಿ ಒಂದು ದೊಡ್ಡ ಪಾಲು ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಿಂದ ಬಂದದ್ದು. 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅದು. ನಮ್ಮ ಕಡೆ ಯಾರೂ ಆ ಉದ್ದದ ಹೆಸರು ಹೇಳುವುದಿಲ್ಲ, ಮಿಷನ್ ಆಸ್ಪತ್ರೆ ಅಂದರೆ ಆಟೋದವನಿಗೂ ಗೊತ್ತು. ಅಲ್ಲಿ 1934ರಿಂದ ಹೆರಿಗೆಯಾದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಅಳೆದು ಪುಸ್ತಕದಲ್ಲಿ ಬರೆದಿಟ್ಟರು. ಹೆರಿಗೆ ಕೋಣೆಯ ಗಡಿಬಿಡಿಯಲ್ಲಿ, ರಾತ್ರಿ ಪಾಳಿಯ ನಿದ್ದೆಗಣ್ಣಿನಲ್ಲೂ ಈ ಮೂರು ಅಳತೆ ತಪ್ಪಿಸಲಿಲ್ಲ. ಮುಂದೆ ಇದು ಯಾವ ಉಪಯೋಗಕ್ಕೆ ಬರುತ್ತದೆ ಅಂತ ಬರೆದವರಿಗೆ ತಿಳಿಯುವ ಹಾಗಿರಲಿಲ್ಲ.

ಅತ್ತ ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು, ಹುಟ್ಟಿದಾಗ ತೂಕ ಕಡಿಮೆಯಿದ್ದ ಮಕ್ಕಳಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಅಂತ ಹೇಳುತ್ತಿದ್ದರು. ಅವರಿಗೂ ಆಧಾರವಾಗಿದ್ದದ್ದು ಹರ್ಟ್‌ಫರ್ಡ್‌ಷೈರ್ ಸೀಮೆಯಲ್ಲಿ 1911ರಿಂದ ದಾದಿಯರು ಮನೆಮನೆಗೆ ಹೋಗಿ ಬರೆದಿಟ್ಟ ಪುಸ್ತಕಗಳೇ. ಅವರ ಜೊತೆ ಕೆಲಸ ಮಾಡುತ್ತಿದ್ದ ಡಾ. ಕ್ಯಾರೊಲಿನ್ ಫಾಲ್ ಮೈಸೂರಿನ ಈ ದಾಖಲೆಗಳ ಮಹತ್ವ ಗುರುತಿಸಿದರು. ಆಸ್ಪತ್ರೆಯ ಸುತ್ತಮುತ್ತಲ ಬೀದಿಗಳಲ್ಲಿ ಮನೆಮನೆ ತಿರುಗಿ, 1934ರಿಂದ 1954ರ ನಡುವೆ ಅಲ್ಲೇ ಹುಟ್ಟಿದ ಗಂಡಸರು ಹೆಂಗಸರನ್ನು ಹುಡುಕಿದರು. 517 ಜನರನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕೆ.ಜಿ. ದಾಟಿ ಚೆನ್ನಾಗಿ ತೂಗಿದವರಲ್ಲಿ ಅದು ನೂರಕ್ಕೆ 3.

ಮಧುಮೇಹಕ್ಕೆ ಬಂದರೆ ಮೈಸೂರು ಬೇರೆಯದೇ ಮಾತು ಹೇಳಿತು. ಇಂಗ್ಲೆಂಡಿನಲ್ಲಿ ಸಣಕಲಾಗಿ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಜಾಸ್ತಿ. ಇಲ್ಲಿ ಗಿಡ್ಡಗೆ, ಉದ್ದಕ್ಕೆ ಮೀರಿದ ತೂಕ ಹೊತ್ತು ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಜಾಸ್ತಿ. ಆ ತಾಯಂದಿರಿಗೇ ಬಸುರಿನಲ್ಲಿ ಸಕ್ಕರೆ ಏರಿತ್ತೇನೋ, ಯಾರೂ ನೋಡಿರಲಿಲ್ಲವೇನೋ ಎಂಬ ಅನುಮಾನ ಹುಟ್ಟಿತು. ಐವತ್ತು ವರ್ಷದ ಹಿಂದಿನ ಬಸುರಿಯರ ರಕ್ತವನ್ನು ಎಲ್ಲಿಂದ ತರುವುದು? ಹಾಗಾಗಿ ಹೊಸದಾಗಿ ಶುರುಮಾಡಿದರು.

1997ರಲ್ಲಿ ಅದೇ ಆಸ್ಪತ್ರೆಗೆ ತಪಾಸಣೆಗೆ ಬರುತ್ತಿದ್ದ ಬಸುರಿಯರನ್ನು ಕೇಳಿದರು. 830 ಮಂದಿ ಒಪ್ಪಿದರು. ಪುಟ್ಟಿ, ನೀನು ಎರಡು ಗಂಟೆ ಕೂತಿದ್ದಕ್ಕೇ ಸೊಂಟ ಬಿದ್ದುಹೋಯಿತು ಅಂದೆಯಲ್ಲ, ಅವರು ಏಳು ತಿಂಗಳಲ್ಲಿ ಬರಿಹೊಟ್ಟೆಯಲ್ಲಿ ಬಂದು, ನೂರು ಗ್ರಾಂ ಗ್ಲೂಕೋಸ್ ಕುಡಿದು, ಮೂರು ಗಂಟೆ ಕೂತು, ಮತ್ತೆ ಮತ್ತೆ ರಕ್ತ ಕೊಟ್ಟರು. ನೂರಕ್ಕೆ ಆರು ಮಂದಿಗಿಂತ ಸ್ವಲ್ಪ ಹೆಚ್ಚಿನವರಲ್ಲಿ ಬಸುರಿನ ಮಧುಮೇಹ ಕಂಡಿತು. ಮಕ್ಕಳು ಹುಟ್ಟಿದ ಮೇಲೂ ಬಿಡಲಿಲ್ಲ. ವರ್ಷ ವರ್ಷವೂ ಕರೆದು ತೂಕ, ಎತ್ತರ, ಚರ್ಮದಡಿಯ ಕೊಬ್ಬು ಅಳೆಯುತ್ತ ಬಂದರು. ಪಾರ್ಥೆನಾನ್ ಅಧ್ಯಯನ ಅಂತ ಅದರ ಹೆಸರು. ಡಾ. ಜಿ.ವಿ. ಕೃಷ್ಣವೇಣಿಯವರ ತಂಡ ಅದನ್ನು ದಶಕಗಳ ಕಾಲ ನಡೆಸಿಕೊಂಡು ಬಂತು.

ಏನು ಗೊತ್ತಾಯಿತು ಅಂದರೆ, ನಮ್ಮ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ ಕಡಿಮೆ, ಕೈಕಾಲು ಸಣ್ಣ, ಆದರೆ ಬೆನ್ನ ಮೇಲಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಕಂಡದ್ದೂ ಇದನ್ನೇ. ನೋಡುವುದಕ್ಕೆ ತೆಳ್ಳಗಿದ್ದೂ ಒಳಗೆ ಕೊಬ್ಬು ಕೂಡಿಕೊಂಡಿರುವ ಮೈ ನಮ್ಮದು. "ನಾನು ದಪ್ಪ ಇಲ್ಲವಲ್ಲ, ನನಗ್ಯಾಕೆ ಬಂತು" ಅಂತ ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಬಸುರಿನಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಕೊಬ್ಬು, ಇನ್ಸುಲಿನ್ ಎರಡೂ ಹೆಚ್ಚಿದ್ದವು. ಒಂಬತ್ತೂವರೆ ವರ್ಷಕ್ಕೆ ಗಂಡುಮಕ್ಕಳಲ್ಲೂ ವ್ಯತ್ಯಾಸ ಕಂಡಿತು. ಐದನೇ ವರ್ಷದಲ್ಲಿ, ಅಪ್ಪನಿಗೆ ಮಾತ್ರ ಸಕ್ಕರೆ ಕಾಯಿಲೆಯಿದ್ದ ಮಕ್ಕಳಲ್ಲಿ ಈ ಬಗೆಯ ಹೆಚ್ಚಳ ಕಾಣಲಿಲ್ಲ. ವಂಶದಿಂದ ಬರುವುದರ ಜೊತೆಗೆ ಗರ್ಭದೊಳಗಿನ ಒಂಬತ್ತು ತಿಂಗಳೂ ಲೆಕ್ಕಕ್ಕೆ ಬರುತ್ತದೆ ಅಂತಾಯಿತು. ಇದನ್ನು ಓದಿ ಹೆದರಬೇಡ. ಈ ಒಂಬತ್ತು ತಿಂಗಳು ನಮ್ಮ ಕೈಯಲ್ಲಿ ಸ್ವಲ್ಪವಾದರೂ ಇದೆ ಅಂತ ನಾನು ಓದಿಕೊಂಡೆ. ಅದಕ್ಕೇ ನಿನ್ನ ಡಾಕ್ಟರು ಊಟದ ಪಟ್ಟಿ ಕೊಟ್ಟು ಇಷ್ಟು ಕಟ್ಟುನಿಟ್ಟು ಮಾಡುತ್ತಿರುವುದು.

ಆ ಮಕ್ಕಳು ಹದಿಮೂರು ದಾಟಿದಾಗ ಇನ್ನೊಂದು ಪರೀಕ್ಷೆ ಮಾಡಿದರು. ನಿನಗೆ ನಗು ಬರುತ್ತದೆ ಕೇಳು. ಗುರುತಿಲ್ಲದ ಇಬ್ಬರನ್ನು ತೀರ್ಪುಗಾರರ ಹಾಗೆ ಎದುರಿಗೆ ಕೂರಿಸಿ, ಅವರ ಮುಂದೆ ಕಥೆ ಹೇಳಬೇಕು, ಆಮೇಲೆ ಬಾಯಿಲೆಕ್ಕ ಮಾಡಬೇಕು. ಎದೆಬಡಿತ, ರಕ್ತದೊತ್ತಡ, ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಎಲ್ಲ ಅಳೆದರು. ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಆ ಹೊತ್ತಿನ ರಕ್ತದೊತ್ತಡ ಇತರರಿಗಿಂತ ಹೆಚ್ಚು ಏರಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಎರಡು ಸಾಲು ಹೇಳಿ ಪರದೆಯ ಹಿಂದೆ ಓಡಿಹೋದ ನಿನ್ನನ್ನು ಆಗ ಅಳೆದಿದ್ದರೆ ಯಂತ್ರವೇ ಕೆಟ್ಟುಹೋಗುತ್ತಿತ್ತು.

ಈಗ ನಾನು ಈ ಕಾಗದ ಬರೆಯಲು ಕೂತ ಮುಖ್ಯ ಕಾರಣಕ್ಕೆ ಬರುತ್ತೇನೆ. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಎಲ್ಲರ ಕಣ್ಣೂ ಮಗುವಿನ ಮೇಲೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಬಹಳ ಮಂದಿಗೆ ಸಕ್ಕರೆ ತಾನಾಗಿ ಇಳಿಯುತ್ತದೆ. "ಹೋಯ್ತಲ್ಲ, ಬಸುರಿನ ಶುಗರ್ ತಾನೇ" ಅಂತ ಮನೆಯವರೂ ಮರೆಯುತ್ತಾರೆ, ತಾಯಿಯೂ ಮರೆಯುತ್ತಾಳೆ. ಪಾರ್ಥೆನಾನ್ ತಂಡದವರು ಮಕ್ಕಳ ಜೊತೆ ತಾಯಂದಿರನ್ನೂ ಐದು ವರ್ಷದ ನಂತರ ಪರೀಕ್ಷಿಸಿದರು. ಬಸುರಿನಲ್ಲಿ ಮಧುಮೇಹವಿದ್ದವರ ಪೈಕಿ ನೂರಕ್ಕೆ 37ರಷ್ಟು ಮಂದಿಗೆ ಅಷ್ಟರಲ್ಲಿ ಮಧುಮೇಹ ಬಂದು ನಿಂತಿತ್ತು. ಇಲ್ಲದವರಲ್ಲಿ ನೂರಕ್ಕೆ 2. ಇವರೆಲ್ಲ ನಿನ್ನ ವಯಸ್ಸಿನ ಆಸುಪಾಸಿನವರು. ಅಂಗನವಾಡಿಗೆ ಮಗುವನ್ನು ಬಿಟ್ಟು ಬಂದು, ಮುದ್ದೆ ತಿರುವಿ, ಬಟ್ಟೆ ಒಗೆದು, ಸುಸ್ತನ್ನು ಸುಸ್ತು ಅಂತಲೂ ಗಮನಿಸದೆ ಇದ್ದಂಥವರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಮನೆತನದಲ್ಲೇ ಎಷ್ಟು ಹೆಂಗಸರು ನಲವತ್ತಕ್ಕೆ ಮುಂಚೆ ಶುಗರ್ ಮಾತ್ರೆ ಹಿಡಿದರು, ಅವರಲ್ಲಿ ಯಾರನ್ನಾದರೂ ಬಸುರಿನಲ್ಲಿ ಪರೀಕ್ಷೆ ಮಾಡಿದ್ದರೋ ಅಂತ ಒಬ್ಬೊಬ್ಬರನ್ನೇ ನೆನೆಯುತ್ತ ಮಲಗಿದ್ದೆ.

ಆ ತಾಯಂದಿರ ಸಂಖ್ಯೆ ಚಿಕ್ಕದು, ಮಧುಮೇಹ ಬಂದೇ ಬರಬೇಕು ಎಂಬ ಹಣೆಬರಹವೂ ಇಲ್ಲ. ಮಧುಮೇಹದ ಅಂಚಿಗೆ ಬಂದವರು ನಡಿಗೆ ಮತ್ತು ಊಟದ ಕ್ರಮದಿಂದ ಅದನ್ನು ತಡೆಯಬಹುದು ಅಂತ ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ತೋರಿಸಿತು. ನಮ್ಮ ದೇಶದವರಲ್ಲೇ ಮಾಡಿದ ಆ ಪ್ರಯೋಗದಲ್ಲಿ ಅಪಾಯ ನೂರಕ್ಕೆ 28ರಷ್ಟು ಇಳಿಯಿತು. ಎದೆಹಾಲು ಕುಡಿಸುವುದರಿಂದಲೂ ತಾಯಿಗೆ ಅನುಕೂಲವಿದೆ. ಆದರೆ ತಡೆಯಬೇಕಾದರೆ ಮೊದಲು ಗೊತ್ತಿರಬೇಕಲ್ಲ. ಅದಕ್ಕೇ ಹೆರಿಗೆಯಾದ ಆರು ವಾರಕ್ಕೆ ಮತ್ತೊಮ್ಮೆ ಗ್ಲೂಕೋಸ್ ಕುಡಿದು ಪರೀಕ್ಷೆ, ಅದು ಸರಿಯಿದ್ದರೂ ವರ್ಷಕ್ಕೊಮ್ಮೆ ನೋಡಿಸುವುದು.

ಆರು ವಾರಕ್ಕೆ ನೀನು ಎಲ್ಲಿರುತ್ತೀಯ ಹೇಳು? ಇಲ್ಲೇ, ಹಿಂದಿನ ಕೋಣೆಯಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು, ಚಿಕ್ಕಮ್ಮನ ಕಾವಲಿನಲ್ಲಿ. ಬಾಣಂತಿ ಹೊರಗೆ ಕಾಲಿಡಬಾರದು, ಗಾಳಿ ಸೋಕಬಾರದು, ಬರಿಹೊಟ್ಟೆಯಲ್ಲಿ ಇರಲೇಬಾರದು ಅಂತ ಅವರ ಶಾಸ್ತ್ರ. ಅವರ ಪ್ರೀತಿಯನ್ನು ನೋಯಿಸುವುದು ನನಗೂ ಬೇಡ. ಆದ್ದರಿಂದ ಈಗಿನಿಂದಲೇ ಅವರನ್ನು ಒಪ್ಪಿಸುವ ಕೆಲಸ ನಾನು ಹಿಡಿದಿದ್ದೇನೆ. ತುಪ್ಪದ ಮಾತಿಗೆ, ಅನ್ನಕ್ಕೆ ಒಂದು ಚಮಚ ಅಂತ ಇಳಿಸಿದ್ದೇನೆ. ಅಂಟಿನುಂಡೆಯನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ ಅಂದಿದ್ದಕ್ಕೆ ಸ್ವಲ್ಪ ಹೊತ್ತು ಮಾತು ಬಿಟ್ಟಿದ್ದರು, ಈಗ ಸರಿಹೋಗಿದ್ದಾರೆ. ಸಬ್ಬಸಿಗೆ ಸೊಪ್ಪು, ನುಗ್ಗೆ ಸೊಪ್ಪು, ಮೆಣಸಿನ ಸಾರು, ಬೇಳೆಯ ಕಟ್ಟು ಎಲ್ಲ ಇದ್ದೇ ಇರುತ್ತದೆ.

ಊಟದ ಮಾತು ಬಂದಾಗಲೇ ಹೇಳಿಬಿಡುತ್ತೇನೆ. ಆ ಮೈಸೂರಿನ ಬಸುರಿಯರಲ್ಲಿ ನೂರಕ್ಕೆ 43 ಮಂದಿಗೆ ಬಿ12 ವಿಟಮಿನ್ ಕಡಿಮೆಯಿತ್ತು. ಅಂಥವರಲ್ಲಿ ಬಸುರಿನ ಮಧುಮೇಹವೂ ಹೆಚ್ಚಾಗಿ ಕಂಡಿತು. ಇದರಿಂದಲೇ ಅದು ಬಂತು ಅಂತ ಅಷ್ಟಕ್ಕೇ ಹೇಳಲು ಬರುವುದಿಲ್ಲ, ಆದರೆ ನೀನು ಮೊಟ್ಟೆ ಮುಟ್ಟುವುದಿಲ್ಲ, ಹಾಲು ಕಂಡರೆ ಮೂಗು ಮುರಿಯುತ್ತೀಯ. ಬಿ12 ಸೊಪ್ಪಿನಲ್ಲಿ ಬೇಳೆಯಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ಮೊಸರನ್ನಾದರೂ ದಿನಾ ತಿನ್ನು, ರಕ್ತದಲ್ಲಿ ಬಿ12 ಎಷ್ಟಿದೆ ಅಂತ ನಿನ್ನ ಡಾಕ್ಟರನ್ನು ಕೇಳು. ರಾಗಿ ಒಳ್ಳೆಯದು ಅಂತ ಎರಡು ಮುದ್ದೆ ನುಂಗಬೇಡ, ಅದರಲ್ಲೂ ಪಿಷ್ಟವಿದೆ. ಒಂದು ಮುದ್ದೆ, ಜೊತೆಗೆ ಕಾಳು ಸೊಪ್ಪಿನ ಬಸ್ಸಾರು ಧಾರಾಳವಾಗಿ, ಊಟವಾದ ಮೇಲೆ ಸಣ್ಣ ನಡಿಗೆ. ನಡೆಯುವಾಗ ಫೋನ್ ನೋಡಬೇಡ ಅಂತ ಬೇರೆ ಹೇಳಬೇಕೇ?

ಬೆಂಗಳೂರಿನ ನಿನ್ನ ಆಸ್ಪತ್ರೆಯಲ್ಲಿ ಯಾವುದೋ ಅಧ್ಯಯನಕ್ಕೆ ಸೇರುತ್ತೀರಾ ಅಂತ ಕೇಳಿದರು, ಏನು ಮಾಡಲಿ ಅಂದೆಯಲ್ಲ. ನಿರ್ಧಾರ ನಿನ್ನದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಲು ಹೇಳಿ ಪೂರ್ತಿ ಓದು. ನೈತಿಕ ಸಮಿತಿ ಅನುಮತಿ ಕೊಟ್ಟಿದೆಯೇ, ಎಷ್ಟು ಸಲ ರಕ್ತ ತೆಗೆಯುತ್ತಾರೆ, ಹೊಸ ಔಷಧಿಯೇನಾದರೂ ಕೊಡುತ್ತಾರೆಯೇ, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳು. ಔಷಧಿಯ ಪ್ರಯೋಗವಾದರೆ ದೇಶದ ನೋಂದಣಿಯಲ್ಲಿ ಅದರ ಸಂಖ್ಯೆ ಇರಬೇಕು, 2009ರಿಂದ ಅದು ಕಡ್ಡಾಯ. ಮಧ್ಯೆ ಬೇಡವೆನಿಸಿದರೆ ಕಾರಣ ಹೇಳದೆ ಬಿಟ್ಟುಬರಬಹುದು, ಅದಕ್ಕಾಗಿ ನಿನ್ನ ಚಿಕಿತ್ಸೆ ಕಡಿಮೆಯಾಗಬಾರದು. ಇಷ್ಟಕ್ಕೆಲ್ಲ ಸಮಾಧಾನದ ಉತ್ತರ ಸಿಕ್ಕರೆ, ನನ್ನ ಮನಸ್ಸು ಕೇಳಿದರೆ, ಸೇರು ಅನ್ನುತ್ತದೆ.

ಯಾಕೆ ಗೊತ್ತೇ? 1957ರ ಸೆಪ್ಟೆಂಬರಿನಲ್ಲಿ ನಮ್ಮ ಇಲವಾಲದಲ್ಲೇ ವಿನೋಬಾ ಭಾವೆಯವರ ಗ್ರಾಮದಾನ ಪರಿಷತ್ತು ನಡೆಯಿತು, ನೆಹರೂ ಬಂದಿದ್ದರು ಅಂತ ಅಜ್ಜ ಹೇಳುತ್ತಿದ್ದದ್ದು ನಿನಗೂ ನೆನಪಿರಬೇಕು. ನೆಲ ಕೊಡುವ ದೊಡ್ಡ ಮಾತುಗಳನ್ನು ಕೇಳಿದ ಊರು ಇದು. ಮಂಡಿ ಮೊಹಲ್ಲಾದ ಆಸ್ಪತ್ರೆಗೆ ಬಂದ ಆ ಹೆಂಗಸರ ಬಳಿ ಕೊಡಲು ನೆಲವಿತ್ತೋ ಇಲ್ಲವೋ. ತಮ್ಮ ರಕ್ತ ಕೊಟ್ಟರು, ಒಂದೊಂದು ಬೆಳಗ್ಗೆಯನ್ನು ಕೊಟ್ಟರು, ಮಕ್ಕಳ ಕೈಹಿಡಿದು ವರ್ಷವರ್ಷವೂ ಬಂದರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಇರಬಾರದು ಕೂಡ, ಅದು ಸಂಶೋಧನೆಯ ನಿಯಮ. ಆದರೆ ಅವರು ಹಾಗೆ ಮತ್ತೆ ಮತ್ತೆ ಬಂದದ್ದರಿಂದಲೇ ಇವತ್ತು ನಾನು ನಿನಗೆ ಗಟ್ಟಿಯಾಗಿ ಹೇಳಬಲ್ಲೆ: ಹೆರಿಗೆಯ ಜೊತೆ ಇದು ಮುಗಿಯುವುದಿಲ್ಲ, ನೀನೂ ಮತ್ತೆ ಬರಬೇಕು.

ಆರನೇ ವಾರದ ಆ ಬೆಳಗ್ಗೆ ನಾನೇ ಗಾಡಿ ಮಾಡಿಸುತ್ತೇನೆ. ಬಸ್ಸು ಬೇಡ, ಕಿವಿಗೆ ಶಾಲು ಸುತ್ತಿಕೊಂಡೇ ಬಾ, ಚಿಕ್ಕಮ್ಮನೂ ಬರಲಿ, ಮಗುವೂ ಬರಲಿ. ಹೊರಡುವ ಮುಂಚೆ ಹಾಲು ಕುಡಿಸಿಬಿಡು, ಅಲ್ಲಿ ಮತ್ತೆ ಅತ್ತರೆ ಅಲ್ಲೇ ಕೂತು ಕುಡಿಸಿದರಾಯಿತು. ಎರಡು ಗಂಟೆ ಕೂರುವಾಗ ಬೇಜಾರಾಗದ ಹಾಗೆ ಮಾತಾಡಲು ನನ್ನ ಹತ್ತಿರ ಬೇಕಾದಷ್ಟು ಸುದ್ದಿಯಿರುತ್ತದೆ. ರಕ್ತ ಕೊಟ್ಟ ಮೇಲೆ ಇಡ್ಲಿ ತಿನ್ನಿಸುವ ಹೊಣೆ ನನ್ನದು. ಬೆಂಗಳೂರಿಗೆ ವಾಪಸು ಹೋದ ಮೇಲೆ ವರ್ಷಕ್ಕೊಮ್ಮೆ ನೋಡಿಸಿಕೊಳ್ಳುವುದು ನಿನ್ನ ಹೊಣೆ. ಮಗುವಿನ ಹುಟ್ಟುಹಬ್ಬದ ವಾರದಲ್ಲೇ ಇಟ್ಟುಕೋ, ಮರೆಯುವುದಿಲ್ಲ. ನಾನಂತೂ ಫೋನ್ ಮಾಡಿ ಕೇಳುವುದನ್ನು ಬಿಡುವುದಿಲ್ಲ.

ಅಳಿಯಂದಿರಿಗೆ ಈ ಕಾಗದ ಓದಲು ಕೊಡು. ಮುಂದಿನ ತಪಾಸಣೆಗೆ ಅವರೂ ಜೊತೆಗೆ ಬಂದು, ಆರನೇ ವಾರದ ಪರೀಕ್ಷೆಯನ್ನು ಈಗಲೇ ಚೀಟಿಯಲ್ಲಿ ಬರೆಸಿಕೊಳ್ಳಲಿ, ಆ ಚೀಟಿಯ ಫೋಟೋ ನನಗೆ ಕಳಿಸಲಿ. ಈ ವಾರ ಊಟದ ಮೇಲಿನ ಶುಗರ್ ಎಷ್ಟು ಬಂತು ಅಂತ ನೀನೂ ಎರಡು ಸಾಲು ಬರೆ. ಇಳಿದಿದ್ದರೂ ಬರೆ, ಏರಿದ್ದರೂ ಬರೆ. ನನ್ನಿಂದ ಮಾತ್ರ ಮುಚ್ಚಿಡಬೇಡ ತಾಯಿ.

ನಿನ್ನ ಪ್ರೀತಿಯ,
ಅಕ್ಕ